ನಂಬರು ಮೂವತ್ತೆಂಟು

ಆಳಂದ
12 ಜೂನ್ 2023

ಮಧುಮತಿ,

ಶರಣು. ಕಲಬುರಗಿಯ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೇಲೆ ನಿನ್ನ ಜೊತೆ ಮಾತಾಡಬೇಕೆಂದು ಎರಡು ಸಲ ಫೋನು ಎತ್ತಿಕೊಂಡು ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಯಿಂದ ಅಡತಿ ಅಂಗಡಿಯ ತನಕ ಕೇಳುತ್ತದೆ. ಕ್ಯಾನ್ಸರ್ ಎಂಬ ಶಬ್ದವನ್ನು ಇಲ್ಲಿ ಯಾರೂ ಆಡುವುದಿಲ್ಲ. ‘ಆ ಬ್ಯಾನಿ’ ಎನ್ನುತ್ತಾರೆ, ಅದೂ ದನಿ ಇಳಿಸಿ. ಕಾಗದವಾದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ ನೋಡು. ಪಿಯುಸಿ ಮುಗಿಸಿದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದಬೇಡ.

ಒಂದೂವರೆ ವರ್ಷದ ಹಿಂದೆ ರೇಡಿಯೇಶನ್ನಿನ ಕರೆಂಟು ಕೊಡುವ ಕೋಣೆಯ ಹೊರಗೆ ಇಪ್ಪತ್ತೈದು ದಿನ ಒಂದೇ ಬೆಂಚಿನ ಮೇಲೆ ಕೂತೆವಲ್ಲ, ಆಗ ನಾನು ಎಪ್ಪತ್ನಾಲ್ಕು ಕಿಲೋ ಇದ್ದೆ. ಮೊನ್ನೆ ಎಂಬತ್ಮೂರು ಬಂತು. ಡಾಕ್ಟರ್ ಖುರ್ಷಿದ ಮೇಡಂ ಸೊಂಟಕ್ಕೆ ಟೇಪು ಸುತ್ತಿ ಬರೆದುಕೊಂಡರು. ನಮ್ಮಂಥ ಗುಣವಾದ ಹೆಂಗಸರ ತೂಕವನ್ನೂ ರಕ್ತದಲ್ಲಿನ ಕೆಲವು ಪ್ರೋಟೀನುಗಳನ್ನೂ ಎರಡು ವರ್ಷ ಜೊತೆಜೊತೆಗೆ ನೋಡುವುದು ಅವರ ಅಧ್ಯಯನ ಎಂದು ನಿನಗೂ ತಿಳಿಸಿರಬೇಕು. ನನಗೆ ಅವರು ಹೇಳಿದ್ದು ಇಷ್ಟು: “ಮೈಯಾಗಿನ ಕೊಬ್ಬು ಸುಮ್ಮನ ಕುಂತಿರಂಗಿಲ್ಲರಿ. ಒಳಗ ಸಣ್ಣ ಉರಿ ಹಚ್ಚಿರ್ತದ.” ಆ ಉರಿಯಿಂದ ಸಿಆರ್‌ಪಿ ಎಂಬ ಪ್ರೋಟೀನು ಏರುತ್ತದಂತೆ. ಮೂರರ ಒಳಗಿದ್ದರೆ ಚಲೋ, ನನಗೆ ಆರು ಪಾಯಿಂಟ್ ಎಂಟು. ಇನ್ನೂ ಏನೇನೋ ಹೇಳಿದರು. ನನ್ನ ಲಕ್ಷ್ಯ ಎಂಬತ್ಮೂರರ ಮೇಲೆಯೇ ಇತ್ತು.

ಮನೆಯಲ್ಲಿ ಮಾತ್ರ ಎಲ್ಲರಿಗೂ ಸಂತೋಷ. ತೆಳ್ಳಗಾದರೆ ಬೇನೆ, ದಪ್ಪಗಾದರೆ ಗುಣ ಎಂಬುದು ನಮ್ಮ ಅತ್ತೆಯವರ ಲೆಕ್ಕ. ಬಂದವರಿಗೆಲ್ಲ ನನ್ನ ರಟ್ಟೆ ಹಿಡಿದು ತೋರಿಸುತ್ತಾರೆ. ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ಬೇಡ ಎಂದರೆ ಯಜಮಾನರ ಮುಖ ಸಣ್ಣದಾಗುತ್ತದೆ. ಅವರು ನನಗಾಗಿ ಎಷ್ಟು ಹೆದರಿದ್ದರು ಎಂದು ಗೊತ್ತಿರುವುದರಿಂದ ಉಂಡುಬಿಡುತ್ತೇನೆ.

ಒಮ್ಮೆ ಆಳಂದಕ್ಕೆ ಬಾ.

ಗುರುಬಾಯಿ


ಇಜೇರಿ
21 ಜೂನ್ 2023

ಗುರುಬಾಯಿ ಅಕ್ಕನವರಿಗೆ,

ಜೈಭೀಮ. ಟೀಚರಿಗೂ ಪತ್ರ ಬರುತ್ತದೆಯೇ ಎಂದು ನನ್ನ ಆರನೆಯ ತರಗತಿಯ ಮಕ್ಕಳಿಗೆ ಆಶ್ಚರ್ಯ. ಪತ್ರಲೇಖನದ ಪಾಠವನ್ನು ಅದರಿಂದಲೇ ಶುರು ಮಾಡಿದೆ. ಹೆದರಬೇಡಿ, ಲಕೋಟೆ ಮಾತ್ರ ತೋರಿಸಿದ್ದು.

ನನ್ನ ತೂಕ ಅರವತ್ತೊಂಬತ್ತು, ಮೊದಲಿಗಿಂತ ಎಂಟು ಹೆಚ್ಚು. ರಕ್ತದಲ್ಲಿ ನಾಲ್ಕು ಪಾಯಿಂಟ್ ಒಂದು. ಮೇಡಂ ದಿನಾ ಮುಕ್ಕಾಲು ತಾಸು ನಡೆಯಲು ಹೇಳಿದ್ದಾರೆ. ಆದರೆ ಇಜೇರಿಯಲ್ಲಿ ಹೆಂಗಸು ಕೆಲಸವಿಲ್ಲದೆ ನಡೆದರೆ ಹತ್ತು ಮನೆಯವರು ಕೇಳುತ್ತಾರೆ. “ಎಲ್ಲಿಗ್ರಿ ಟೀಚರ, ಯಾರಿಗರ ಆರಾಮಿಲ್ಲೇನ್ರಿ?” ಮೊದಲ ವಾರ ಉತ್ತರ ಹೇಳಿ ಹೇಳಿ ಬಾಯಿ ಸೋತಿತು. ಈಗ ಕೈಯಲ್ಲೊಂದು ಹಳೆಯ ರಿಜಿಸ್ಟರ್ ಹಿಡಿದು ಹೊರಡುತ್ತೇನೆ. ಸರ್ವೆಗೆ ಬಂದಿದ್ದಾಳೆ ಎಂದುಕೊಂಡು ಯಾರೂ ಕೇಳುವುದಿಲ್ಲ. ಕೆಲವರು ತಮ್ಮ ಮನೆ ಯಾಕೆ ಬಿಟ್ಟಿರಿ ಎಂದು ಜಗಳಕ್ಕೆ ಬರುತ್ತಾರೆ, ಅಷ್ಟೇ.

ಇವರು ಜೇವರ್ಗಿಯ ಬಸ್ ಡಿಪೋದಿಂದ ಬರುವ ಹೊತ್ತಿಗೆ ನಾನು ಮನೆ ಸೇರಿರುತ್ತೇನೆ. ಮಗಳು ಪಲ್ಲವಿ ಹತ್ತನೆಯ ತರಗತಿಗೆ ಬಂದಳು. ಬೇನೆ ಮರಳದಿರಲೆಂದು ಕೊಟ್ಟ ಹಾರ್ಮೋನ್ ಗುಳಿಗೆಯಿಂದ ಮೈಗೆ ಬೆಂಕಿ ಬಿದ್ದ ಹಾಗೆ ಸೆಕೆ ಏರುವುದೊಂದು ಬಿಟ್ಟರೆ ನಾನು ಆರಾಮ. ಐದು ವರ್ಷ ನುಂಗಬೇಕಲ್ಲ ಅಕ್ಕಾ, ಒಂದೂವರೆ ಕಳೆಯಿತು ಅಂದುಕೊಳ್ಳೋಣ.

ಆಗಸ್ಟಿನಲ್ಲಿ ಕಡಗಂಚಿಯಲ್ಲಿ ಶಿಕ್ಷಕರಿಗೆ ಎರಡು ದಿನದ ತರಬೇತಿ ಇದೆ. ಮುಗಿಸಿಕೊಂಡು ನಿಮ್ಮಲ್ಲಿಗೆ ಬರುತ್ತೇನೆ.

ಮಧುಮತಿ


ಆಳಂದ
19 ಆಗಸ್ಟ್ 2023

ಮಧುಮತಿ,

ನೀನು ಬಂದು ಹೋದದ್ದು ಬಹಳ ಸಂತೋಷವಾಯಿತು. ಬಹಳ ಅಂದರೆ ಬಹಳ. ಅರ್ಧ ತಾಸೂ ಕೂರಲಿಲ್ಲ ನೀನು, ಬಸ್ಸಿಗೆ ಅವಸರ ಮಾಡಿದೆ. ಮುಂದಿನ ಸಲ ಊಟ ಮಾಡಿಕೊಂಡೇ ಹೋಗಬೇಕು.

ನನ್ನ ಕಡೆ ಎಲ್ಲ ಚಲೋ. ಮಾಳಿಗೆಯ ಮೇಲೆ ದಿನಾ ಐವತ್ತು ಸುತ್ತು ಹಾಕುತ್ತಿದ್ದೇನೆ. ತೂಕ ಎಂಬತ್ತಕ್ಕೆ ಇಳಿದಿದೆ. ಆ ಬೆವರು, ಸೆಕೆ ಎಲ್ಲ ತಾನಾಗಿಯೇ ನಿಂತಿದೆ. ನಿದ್ದೆಯೂ ಬರುತ್ತದೆ. ಮೊದಲಿನ ಗುರುಬಾಯಿ ತಿರುಗಿ ಬಂದ ಹಾಗಿದೆ ಎಂದು ಯಜಮಾನರೂ ಅಂದರು.

ನೀನು ಬೇಜಾರು ಮಾಡಿಕೊಂಡಿಲ್ಲ ತಾನೆ? ಅಂದರೆ, ಬಸ್ಸು ತಡವಾಗಿ ಸಿಕ್ಕಿತೇನೋ ಎಂದು ಕೇಳಿದೆ.

ಗುರುಬಾಯಿ


ಇಜೇರಿ
8 ಸೆಪ್ಟೆಂಬರ್ 2023

ಅಕ್ಕನವರಿಗೆ,

ಬಸ್ಸು ಸಿಕ್ಕಿತು. ತೂಕ ಇಳಿದದ್ದು ಓದಿ ಖುಷಿಯಾಯಿತು. ಆದರೆ ಸೆಕೆ ನಿಂತದ್ದು ಹೇಗೆ? ನನಗಂತೂ ಪಾಠದ ನಡುವೆಯೇ ಏರಿ ಬರುತ್ತದೆ, ಹಾಜರಿ ಪುಸ್ತಕದಿಂದ ಗಾಳಿ ಹಾಕಿಕೊಳ್ಳುತ್ತೇನೆ.

ಹೆಚ್ಚು ಬರೆಯಲಾಗುತ್ತಿಲ್ಲ. ಶಾಲೆಯ ಬೇಲಿ ಸರಿಮಾಡುವಾಗ ಜಾಲಿಮುಳ್ಳು ಚುಚ್ಚಿ, ಆಪರೇಷನ್ ಆದ ಕಡೆಯ ಕೈ ಬಾತಿದೆ. ಎರಡು ದಿನ ಚಳಿಜ್ವರವೂ ಇತ್ತು. ಮೆಡಿಕಲ್ ಅಂಗಡಿಯಿಂದ ಗುಳಿಗೆ ತರಿಸಿದ್ದೇನೆ. ಸೋಮವಾರ, ಹನ್ನೊಂದನೆಯ ತಾರೀಕು, ರಕ್ತ ಕೊಡುವ ದಿನ, ಅದೇ ಬೆಂಚಿನ ಮೇಲೆ ಕಾಯುತ್ತೇನೆ.

ಮಧುಮತಿ


ಆಳಂದ
3 ಅಕ್ಟೋಬರ್ 2023

ಮಧುಮತಿ,

ಹನ್ನೊಂದಕ್ಕೆ ನನಗೆ ಬರಲಾಗಲಿಲ್ಲ. ನಾದಿನಿಯ ಮಗಳ ಸೀಮಂತ ಇತ್ತು, ಮನೆತುಂಬ ಜನ. ನೀನು ಕಾದಿರಬೇಕು. ನಿನ್ನ ರಕ್ತದ ಫಲಿತಾಂಶ ಏನು ಬಂತು? ಕೈ ಹೇಗಿದೆ? ಬರೆ.

ಗುರುಬಾಯಿ


ಆಳಂದ
7 ನವೆಂಬರ್ 2023

ಮಧುಮತಿ,

ತಿಂಗಳು ದಾಟಿತು. ಅಂಚೆಯವನನ್ನು ಕೇಳಿದರೆ “ಇಜೇರಿದು ಏನೂ ಇಲ್ಲರಿ ಅವ್ವಾರ” ಎನ್ನುತ್ತಾನೆ. ಕೊನೆಗೆ ಮಾಳಿಗೆಗೆ ಹೋಗಿ ಫೋನೂ ಮಾಡಿದೆ. ಮೂರು ಸಲ ರಿಂಗಾಯಿತು, ಎತ್ತಲಿಲ್ಲ. ಒಂದು ಸಾಲು ಬರೆ. ಬೈದಾದರೂ ಬರೆ.

ಗುರುಬಾಯಿ


ಆಳಂದ
28 ನವೆಂಬರ್ 2023

ಮಧುಮತಿ,

ನೀನು ಯಾಕೆ ಬರೆಯುತ್ತಿಲ್ಲ ಎಂದು ನನಗೆ ಗೊತ್ತು. ಆಗಸ್ಟಿನಿಂದಲೂ ಗೊತ್ತಿತ್ತು. ಬರೆಯಲು ಕೈ ಬರಲಿಲ್ಲ.

ಆ ದಿನ ನೀನು ಪಡಸಾಲೆಯಲ್ಲಿ ಕೂತಾಗ ನಮ್ಮ ಅತ್ತೆಯವರು ಕೇಳಿದರಲ್ಲ, “ಇಜೇರಿಯಾಗ ಯಾವ ಓಣಿ?” ಅಂತ. ನೀನು ತಲೆ ಎತ್ತಿಕೊಂಡೇ ಹೇಳಿದೆ, “ಬುದ್ಧವಿಹಾರದ ಓಣಿರಿ.” ಅವರು ಒಳಗೆ ಬಂದು ನಮಗೆಲ್ಲ ಕಪ್ಪು-ಬಸಿಯಲ್ಲಿ ಚಹಾ ಹಾಕಿ, ನಿನಗೆ ಕಿಟಕಿಯ ಮೇಲಿದ್ದ ಗಾಜಿನ ಗ್ಲಾಸಿನಲ್ಲಿ ಹಾಕಿದರು. ಅದು ಚೀಲ ಹೊರುವ ಆಳುಗಳಿಗೆ ಇಡುವ ಗ್ಲಾಸು. ನಾನು ನೋಡಿದೆ. ತಟ್ಟೆ ಹಿಡಿದು ಹೊರಗೆ ಬಂದವಳೂ ನಾನೇ. ನಿನ್ನ ಕೈಗೆ ಕೊಟ್ಟವಳೂ ನಾನೇ. ಬಸವಣ್ಣನವರ ಫೋಟೋದ ಕೆಳಗೇ ಕೂತಿದ್ದೆವು.

ನೀನು ಹೋದ ಮೇಲೆ ಆ ಗ್ಲಾಸನ್ನು ತೊಳೆದೆ. ತೊಳೆದು ಮತ್ತೆ ಕಿಟಕಿಯ ಮೇಲೇ ಇಟ್ಟೆ. ಬೇರೆ ಕಡೆ ಇಡಬಹುದಿತ್ತು. ಇಡಲಿಲ್ಲ.

ಕರೆಂಟು ಕೊಟ್ಟು ಎದೆಯ ಚರ್ಮ ಸುಟ್ಟಾಗ ನನಗೆ ಮುಲಾಮು ಹಚ್ಚಿದವಳು ನೀನು. ನನ್ನ ಮನೆಯವರು ಆ ಗಾಯವನ್ನು ಈವರೆಗೆ ನೋಡಿಲ್ಲ. ನೀನು ನೋಡಿದ್ದೀ. ಅಂಥವಳಿಗೆ ನಾನು ಹೀಗೆ ಮಾಡಿದೆ. ಪತ್ರ ಬರೆಯದಿದ್ದರೂ ಇದನ್ನು ಓದು.

ಗುರುಬಾಯಿ


ಇಜೇರಿ
6 ಡಿಸೆಂಬರ್ 2023

ಗುರುಬಾಯಿ ಅಕ್ಕನವರಿಗೆ,

ಇವತ್ತು ಬಾಬಾಸಾಹೇಬರ ಪರಿನಿರ್ವಾಣದ ದಿನ. ವಿಹಾರದಲ್ಲಿ ಮೇಣದಬತ್ತಿ ಹಚ್ಚಿ ಬಂದು ಬರೆಯುತ್ತಿದ್ದೇನೆ. ಸುಳ್ಳು ಬರೆಯುವ ದಿನವಲ್ಲ.

ಆ ಗ್ಲಾಸನ್ನು ನಾನು ನೋಡಿದೆ. ಅಂಥದ್ದನ್ನು ಗುರುತಿಸಲು ನಾವು ಎರಡನೆಯ ಸಲ ನೋಡಬೇಕಾಗಿಲ್ಲ. ನಿಮ್ಮ ಅತ್ತೆಯವರು ಕೊಟ್ಟದ್ದಕ್ಕಿಂತ ನೀವು ಸುಮ್ಮನಿದ್ದದ್ದು ನೋವಾಯಿತು. ಕ್ಷಮಿಸಿದೆ ಎಂದು ಬರೆದರೆ ನಿಮಗೆ ಹಗುರಾಗುತ್ತದೆ. ಇವತ್ತು ಬರೆಯುವುದಿಲ್ಲ. ಆದರೆ ನಾನು ಪತ್ರ ನಿಲ್ಲಿಸಿದ್ದು ಅದಕ್ಕಲ್ಲ. ಅದಕ್ಕೇ ಆಗಿದ್ದರೆ ಸೆಪ್ಟೆಂಬರಿನಲ್ಲಿಯೂ ಬರೆಯುತ್ತಿರಲಿಲ್ಲ.

ನನ್ನ ನಂಬರು ಮೂವತ್ತೆಂಟು ಬಂದಿದೆ ಅಕ್ಕಾ. ನಾಲ್ಕು ಇದ್ದದ್ದು ಮೂವತ್ತೆಂಟು. ಮೇಡಂ ಕಡೆಯಿಂದ ಫೋನಿಗೆ ಸಂದೇಶ ಬಂತು, ಬಂದು ಭೇಟಿಯಾಗಿ ಎಂದು. ಅವರೇ ನಾಲ್ಕು ಸಲ ಕರೆ ಮಾಡಿದರು. ನಾನು ಎತ್ತಲಿಲ್ಲ. ಎತ್ತಿದರೆ ಅವರು ಏನು ಹೇಳುತ್ತಾರೆಂದು ಗೊತ್ತಿತ್ತು. ಮತ್ತೆ ಬಂದಿದೆ, ಇನ್ನೇನು. ಮೊದಲ ಸಲ ಕೂದಲು ಹೋಯಿತು, ಉಗುರು ಕಪ್ಪಾಯಿತು, ತಡೆದುಕೊಂಡೆ. ಇನ್ನೊಮ್ಮೆ ಆ ಬಾಗಿಲು ದಾಟುವ ಶಕ್ತಿ ನನ್ನಲ್ಲಿಲ್ಲ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪಲ್ಲವಿಗೆ ರೊಟ್ಟಿ ಬಡಿಯಲು ಕಲಿಸಿದೆ, ಬ್ಯಾಂಕಿನ ಫಾರ್ಮು ತುಂಬಲು ಕಲಿಸಿದೆ. ಇಷ್ಟು ಜಲ್ದಿ ಯಾಕೆ ಎಂದು ಅವಳು ಕೇಳಿದಳು. ಪರೀಕ್ಷೆ ಹತ್ತಿರ ಬಂತಲ್ಲ ಎಂದೆ. ರೊಟ್ಟಿಗೂ ಪರೀಕ್ಷೆಗೂ ಏನು ಸಂಬಂಧ ಎಂದು ನನ್ನ ಮುಖ ನೋಡಿದಳು. ನಮ್ಮ ಅತ್ತೆ ಸಾಬವ್ವ ಮಾತ್ರ ಏನೋ ತಿಳಿದವರ ಹಾಗೆ ದಿನಾ ನನ್ನ ಪಕ್ಕದಲ್ಲೇ ಬಂದು ಕೂರುತ್ತಾರೆ.

ಇನ್ನೊಂದು ವಿಷಯ. ಈ ಎರಡೂವರೆ ತಿಂಗಳು ನಿಮ್ಮ ಪತ್ರಗಳನ್ನೆಲ್ಲ ಮತ್ತೆ ಮತ್ತೆ ಓದಿದೆ. ಆಗಸ್ಟಿನಲ್ಲಿ ಬರೆದಿದ್ದೀರಿ, ಸೆಕೆ ತಾನಾಗಿಯೇ ನಿಂತಿದೆ, ನಿದ್ದೆ ಬರುತ್ತದೆ, ಮೊದಲಿನ ಹಾಗೆ ಆಗಿದ್ದೇನೆ. ಅದು ತಾನಾಗಿಯೇ ನಿಲ್ಲುವಂಥದ್ದಲ್ಲ. ಸೆಪ್ಟೆಂಬರಿನಲ್ಲಿ ರಕ್ತ ಕೊಡಲು ನೀನು ಬರಲೂ ಇಲ್ಲ. ಗುಳಿಗೆ ಬಿಟ್ಟಿದ್ದೀಯಾ ಅಕ್ಕಾ? ಮೂರು ಕಿಲೋ ಇಳಿಸಲು ಐದು ವರ್ಷದ ರಕ್ಷಣೆಯನ್ನು ಬಚ್ಚಲಿಗೆ ಚೆಲ್ಲಿದ್ದೀಯಾ? ನನಗೆ ಮತ್ತೆ ಬಂದದ್ದು ಗುಳಿಗೆ ನುಂಗಿಯೂ ಬಂದದ್ದು. ನೀನು ಕೈಯಾರೆ ಕರೆಯುತ್ತಿದ್ದೀಯಲ್ಲ! ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಇವತ್ತು ಪೆನ್ನು ಹಿಡಿದೆ. ಇಲ್ಲವಾದರೆ ಬರೆಯುತ್ತಲೇ ಇರಲಿಲ್ಲ.

ಮಧುಮತಿ


ಆಳಂದ
12 ಡಿಸೆಂಬರ್ 2023

ಮಧೂ,

ನಿನ್ನ ಪತ್ರದ ಕೊನೆಗೆ ‘ನೀವು’ ಹೋಗಿ ‘ನೀನು’ ಆಗಿದೆ. ನೀನು ಗಮನಿಸಿರಲಿಕ್ಕಿಲ್ಲ. ಅದನ್ನು ಓದುವಾಗ ಬೈಸಿಕೊಳ್ಳುತ್ತಿದ್ದರೂ ಯಾರೋ ಕೈ ಹಿಡಿದು ಎಬ್ಬಿಸಿದ ಹಾಗಾಯಿತು.

ಹೌದು, ಬಿಟ್ಟಿದ್ದೇನೆ. ಜುಲೈ ಇಪ್ಪತ್ತರಿಂದ. ಎಂಬತ್ಮೂರು ಕಂಡ ಮೇಲೆ ಗುಳಿಗೆಯಿಂದಲೇ ಊದಿಕೊಂಡೆ ಎಂದು ತಲೆಗೆ ಹೊಕ್ಕಿತು. ದಿನಾ ಒಂದು ಗುಳಿಗೆ ಒಡೆದು ಬಚ್ಚಲಿಗೆ ಹಾಕಿ, ಖಾಲಿ ಪಟ್ಟಿಯನ್ನು ಯಜಮಾನರಿಗೆ ಕಾಣುವ ಹಾಗೆ ಇಡುತ್ತಿದ್ದೆ. ಸೀಮಂತ ಇದ್ದದ್ದು ಹನ್ನೊಂದಕ್ಕಲ್ಲ, ಹದಿನಾಲ್ಕಕ್ಕೆ. ರಕ್ತದಲ್ಲಿ ಗೊತ್ತಾಗಿಬಿಡುತ್ತದೆ ಎಂದು ಹೆದರಿ ತಪ್ಪಿಸಿಕೊಂಡೆ.

ನಿನ್ನೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಖಾಲಿ ಪಟ್ಟಿಗಳನ್ನು ತಂದು ಮುಂದಿಟ್ಟುಕೊಂಡರು. ಆಮೇಲೆ ಕೇಳಿದರು, “ನಿನಗ ದಪ್ಪ ಆಗೇನಿ ಅಂತ ಇಷ್ಟು ತ್ರಾಸ ಆಗಿದ್ದರ ನನಗ ಯಾಕ ಹೇಳಲಿಲ್ಲ?” ತುಪ್ಪದ ಗಿಂಡಿ ಎತ್ತಿಕೊಂಡು ಬಂದಾಗೆಲ್ಲ ಹೇಳುವುದು ಹೇಗೆ ಎಂದೆ. ಅತ್ತೆಯವರಿಗೂ ಅದೇ ಉಸಿರಿನಲ್ಲಿ ಗ್ಲಾಸಿನ ಮಾತು ಹೇಳಿದೆ. ನಾನು ಸತ್ತರೂ ಇವರು ಬದಲಾಗುವುದಿಲ್ಲ ಎಂದುಕೊಂಡಿದ್ದೆ. ಅವರು ಎದ್ದು ಕೋಣೆಗೆ ಹೋದರು. ಒಪ್ಪಿದರೆಂದು ನಾನು ಬರೆಯುವುದಿಲ್ಲ.

ಈಗ ಕೇಳು. ಹದಿನೆಂಟು ಸೋಮವಾರ. ನಾನು ಬೆಳಗಿನ ಬಸ್ಸಿಗೆ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿಗೆ ಬರುತ್ತೇನೆ. ಒಬ್ಬಳೇ. ನಿನ್ನನ್ನು ಕರೆದುಕೊಂಡು ಖುರ್ಷಿದ ಮೇಡಂ ಹತ್ತಿರ ಹೋಗುತ್ತೇನೆ. ನೀನು ಬರುವುದಿಲ್ಲ ಎಂದರೆ ನಿಮ್ಮ ಬಾಗಿಲಲ್ಲೇ ಕೂರುತ್ತೇನೆ. ಎಂಬತ್ತು ಕಿಲೋದ ಹೆಂಗಸನ್ನು ಎತ್ತಿ ಆಚೆ ಇಡುವುದು ಸುಲಭವಲ್ಲ.

ಗುರುಬಾಯಿ


ಇಜೇರಿ
27 ಡಿಸೆಂಬರ್ 2023

ಅಕ್ಕಾ,

ನೀನು ನನ್ನನ್ನು ಜೇವರ್ಗಿ ಬಸ್ ನಿಲ್ದಾಣದಲ್ಲಿ ಇಳಿಸಿ ಹೋದ ಮೇಲೆ ಒಂದು ವಾರ ನಿದ್ದೆಯನ್ನೇ ಮಾಡಿದೆನೆನ್ನಬೇಕು. ಈಗ ಎಲ್ಲ ಕೂಡಿಸಿ ಬರೆಯುತ್ತೇನೆ. ಬರೆದರೆ ನನಗೇ ನಂಬಿಕೆ ಬರುತ್ತದೆ.

ನೀನು ಬಿಸಿಲಲ್ಲಿ ಏದುಸಿರು ಬಿಡುತ್ತ ನಮ್ಮ ಓಣಿಗೆ ಬಂದಾಗ ಇವರಿಗೂ ಪಲ್ಲವಿಗೂ ಏನೂ ಅರ್ಥವಾಗಲಿಲ್ಲ. ಸಾಬವ್ವನೇ ಎದ್ದು ನೀರು ಕೊಟ್ಟರು. ನೀನು ಗಟಗಟ ಕುಡಿದೆ. ಆಮೇಲೆ ಅವರು ಮೆಲ್ಲಗೆ ಕೇಳಿದರು, “ನಮ್ಮನ್ಯಾಗ ಉಣ್ತೀರೇನ್ರಿ ಯವ್ವಾ?” ನೀನು ಅಂದೆ, “ಹಸಿವಾಗ್ಯಾದ. ಆದರ ಒಂದೇ ರೊಟ್ಟಿ ಹಾಕ್ರಿ, ನಿಮ್ಮ ಸೊಸಿ ಬೈತಾಳ.” ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡೆ. ನೀನು ಹೋದ ಮೇಲೆ ಸಾಬವ್ವ ಅಂದರು, ಆ ಹೆಣ್ಣುಮಗಳು ಉಣ್ಣುವಾಗ ಯಾರ ಮುಖವನ್ನೂ ನೋಡಲಿಲ್ಲ, ತಾಟನ್ನೇ ನೋಡಿದಳು, ಖರೇ ಹಸಿದಿದ್ದಳು. ಅವರಿಗೆ ಅದು ದೊಡ್ಡ ಮಾತು. ಆರನೆಯ ತಾರೀಕು ಬರೆಯಲಾರದ್ದನ್ನು ಇವತ್ತು ಬರೆಯಬಲ್ಲೆ ಅನ್ನಿಸುತ್ತಿದೆ. ಬರೆದೆನೆಂದೇ ತಿಳಿ.

ಬಸ್ಸಿನಲ್ಲಿ ನಿನ್ನ ಭುಜಕ್ಕೆ ಒರಗಿ ಮೂವತ್ತೆಂಟು, ಮೂವತ್ತೆಂಟು ಎಂದೇ ಎಣಿಸುತ್ತಿದ್ದೆ. ಖುರ್ಷಿದ ಮೇಡಂ ನನ್ನ ರಿಪೋರ್ಟನ್ನು ಕೈಗೆತ್ತಿಕೊಳ್ಳಲೇ ಇಲ್ಲ, ಮೊದಲು ನನ್ನ ಕೈ ನೋಡಿದರು. “ಈ ಕೈ ಯಾವಾಗಿಂದ ಹಿಂಗ ಅದರಿ?” ಮುಳ್ಳು, ಬಾವು, ಚಳಿಜ್ವರ ಎಲ್ಲ ಹೇಳಿದೆ. ಅದಾಗಿ ನಾಲ್ಕು ದಿನಕ್ಕೆ ರಕ್ತ ಕೊಟ್ಟಿರಾ ಎಂದು ಕೇಳಿ ಕುರ್ಚಿಗೆ ಒರಗಿದರು. ಆ ನಂಬರು ಕ್ಯಾನ್ಸರಿನ ನಂಬರಲ್ಲ ಎಂದರು. ಕೈಗೆ ನಂಜಾದರೂ, ಹಲ್ಲಿನಲ್ಲಿ ಕೀವಾದರೂ, ಜ್ವರ ಬಂದರೂ ಅದು ಏರುತ್ತದೆ. ಕೊಬ್ಬು ಹೆಚ್ಚಾದರೆ ಸ್ವಲ್ಪವೇ ಏರಿ ಅಲ್ಲೇ ನಿಲ್ಲುತ್ತದೆ. ಮುಳ್ಳಿನ ವಿಷಯ ಕೇಳುವುದಕ್ಕೇ ಅವರು ನಾಲ್ಕು ಸಲ ಫೋನು ಮಾಡಿದ್ದರಂತೆ. ನಾನು ಎತ್ತಿರಲಿಲ್ಲ.

ಆದರೂ ಬರೀ ಮಾತಿನ ಮೇಲೆ ಬಿಡಲಿಲ್ಲ. ಮತ್ತೆ ರಕ್ತ ತೆಗೆದರು, ಸ್ಕ್ಯಾನ್ ಮಾಡಿಸಿದರು. ನಿನ್ನೆ ಎರಡೂ ಬಂದವು. ಸ್ಕ್ಯಾನಿನಲ್ಲಿ ಏನೂ ಇಲ್ಲ. ನಂಬರು ಐದು ಪಾಯಿಂಟ್ ಎರಡು. ನಾನು ನಡಿಗೆ ಬಿಟ್ಟು ಮನೆಯಲ್ಲಿ ಕೂತದ್ದರ ಫಲ ಅದು. ಕೈಗೆ ಬಿಗಿ ಪಟ್ಟಿ ಕೊಟ್ಟಿದ್ದಾರೆ, ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಇನ್ನು ಮುಂದೆ ಆ ಕೈಗೆ ಸಣ್ಣ ಗಾಯವಾದರೂ ಅದೇ ದಿನ ತೋರಿಸಬೇಕು.

ಫಲಿತಾಂಶ ಬಂದ ಮೇಲೆ ಮನೆಯಲ್ಲಿ ಎಲ್ಲ ಹೇಳಿದೆ. ಇವರು ಸಿಟ್ಟಾದರು, ಎದ್ದು ಹೋಗಿ ಅಂಗಳದಲ್ಲಿ ನಿಂತರು, ತಿರುಗಿ ಬಂದು ಚಹಾ ಮಾಡಿದರು. ಪಲ್ಲವಿ ಮಾತ್ರ, “ಅದಕ್ಕ ರೊಟ್ಟಿ ಕಲಿಸಿದಿ?” ಎಂದು ನನ್ನ ಮಡಿಲಿಗೆ ಬಿದ್ದು ಅತ್ತಳು. ಮೂರು ತಿಂಗಳು ಅವಳಿಂದ ಮುಚ್ಚಿಟ್ಟು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ದಿನಾ ಏನೋ ಗೊತ್ತಾಗುತ್ತಿತ್ತು, ಏನೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಅವತ್ತು ಮೇಡಂ ನಿನಗೆ ಬದಲಿಸಿ ಬರೆದುಕೊಟ್ಟ ಹೊಸ ಗುಳಿಗೆ ಶುರುವಾಯಿತೇ? ಅದು ಸರಿಹೋಗದಿದ್ದರೆ ನನಗೆ ಹೇಳು, ಮೇಡಂಗೆ ಹೇಳು. ಬಚ್ಚಲಿಗೆ ಹೇಳಬೇಡ.

ನಿನ್ನ ಮಧು


ಆಳಂದ
16 ಏಪ್ರಿಲ್ 2024

ಮಧೂ,

ನಿನ್ನೆ ರಕ್ತ ಕೊಡುವ ದಿನ ನೀನು ಪೇಪರು ತಿದ್ದುವ ಕೆಲಸದಲ್ಲಿ ಸಿಕ್ಕಿಕೊಂಡೆಯಲ್ಲ, ನಿನ್ನನ್ನು ಬಿಟ್ಟು ಹೋಗುವುದು ಹೇಗೋ ಅನ್ನಿಸಿತು. ನೀನು ಶನಿವಾರ ಹೋಗಿ ಬಾ, ಮೇಡಂಗೆ ಹೇಳಿದ್ದೇನೆ.

ಹೊಸ ಗುಳಿಗೆಯಿಂದ ಕೀಲು ನೋಯುತ್ತವೆ, ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ. ಆದರೂ ಒಂದು ದಿನವೂ ತಪ್ಪಿಸಿಲ್ಲ. ಸಂಜೆ ಮಾಳಿಗೆ ಬಿಟ್ಟು ಈಗ ರಸ್ತೆಗೇ ಇಳಿದಿದ್ದೇನೆ. ಯಜಮಾನರು ಎರಡು ದಿನ ಜೊತೆಗೆ ಬಂದರು, ಮೂರನೆಯ ದಿನ ಮೊಣಕಾಲು ಹಿಡಿದು ಕೂತರು. ಮನೆಯಲ್ಲಿ ಹೋಳಿಗೆ ನಿಂತಿಲ್ಲ, ನನಗೆ ಒಂದೇ ಒಂದು. ತೂಕ ಎಪ್ಪತ್ತೇಳೂವರೆ. ಕಳೆದ ತಿಂಗಳು ಎಪ್ಪತ್ತೇಳು ಇತ್ತು, ಅರ್ಧ ಏರಿದೆ. ಮೊದಲಾಗಿದ್ದರೆ ಆ ಅರ್ಧ ಕಿಲೋ ನನ್ನನ್ನು ತಿನ್ನುತ್ತಿತ್ತು. ಸಿಆರ್‌ಪಿ ಇನ್ನೂ ಬಂದಿಲ್ಲ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಿನ್ನೆ ಅಫಜಲಪುರದಿಂದ ಚಮನಬಿ ಎಂಬಾಕೆ ಬಂದಿದ್ದಳು. ನಲವತ್ತರ ಒಳಗಿನ ವಯಸ್ಸು, ಬಳೆ ಅಂಗಡಿ ನಡೆಸುತ್ತಾಳಂತೆ. ಫೆಬ್ರುವರಿಯಲ್ಲಿ ಕರೆಂಟು ಮುಗಿದಿದೆ. ಅಧ್ಯಯನಕ್ಕೆ ಸೇರಲು ಒಪ್ಪಿ ಬಂದವಳು ಒಳಗೆ ಬಂದ ಕೂಡಲೇ ಬೇಡ ಎಂದು ಕೂತುಬಿಟ್ಟಳು. ರಕ್ತ ಕೊಡುವುದಿಲ್ಲ, ತಕ್ಕಡಿಯ ಮೇಲೂ ನಿಲ್ಲುವುದಿಲ್ಲ. ಮೇಡಂ ಒತ್ತಾಯ ಮಾಡಲಿಲ್ಲ. ಬೇಡವೆಂದರೆ ಬೇಡ, ಆದರೆ ಹೋಗುವ ಮೊದಲು ಗುರುಬಾಯಿಯವರ ಜೊತೆ ಒಂದು ಚಹಾ ಕುಡಿಯಿರಿ ಎಂದು ನನ್ನ ಪಕ್ಕಕ್ಕೆ ಕಳಿಸಿದರು.

ನಾನೇನು ಹೇಳಲಿ? ಎಂಬತ್ಮೂರರ ಕಥೆ ಹೇಳಿದೆ. ಗುಳಿಗೆ ಚೆಲ್ಲಿದ್ದು ಹೇಳಿದೆ. ನಿನ್ನ ಹೆಸರು ಹೇಳದೆ ನಿನ್ನ ಮೂವತ್ತೆಂಟನ್ನೂ ಹೇಳಿದೆ, ಸಿಟ್ಟಾಗಬೇಡ. ಅವಳು ಸೆರಗಿನ ತುದಿ ತಿರುವುತ್ತ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, “ಮತ್ತ ನಿಮಗ ನಂಬರ್ ಹೆಚ್ಚು ಬಂದರ ಏನ್ ಮಾಡ್ತೀರಿ ಆಪಾ?”

ಹೆದರುತ್ತೇನೆ ಎಂದೆ. ಅದು ಸುಳ್ಳಲ್ಲ. ಆಮೇಲೆ ಮೇಡಂನ ಕೇಳ್ತೇನಿ, ಮನಿಯಾಗ ಹೇಳ್ತೇನಿ, ಇಜೇರಿಗೆ ಪತ್ರ ಬರೀತೇನಿ ಎಂದೆ.

“ನನಗ ಕನ್ನಡ ಬರೀಲಿಕ್ಕ ಬರಂಗಿಲ್ಲರಿ,” ಅಂದಳು. ಹಾಗಾದರೆ ಜುಲೈಯಲ್ಲಿ ಇದೇ ಬೆಂಚಿಗೆ ಬಾ, ನಾವಿಬ್ಬರೂ ಇರುತ್ತೇವೆ, ಮಾತಾಡೋಣ ಎಂದೆ. ಅವಳು ಚಹಾ ಮುಗಿಸಿ ಎದ್ದಳು. ಹೊರಟುಹೋಗುತ್ತಾಳೆ ಎಂದುಕೊಂಡೆ. ಚಪ್ಪಲಿ ಬಿಚ್ಚಿ ಬಾಗಿಲ ಪಕ್ಕ ಇಟ್ಟಳು, ಕೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ನನ್ನ ಕೈಗೆ ಕೊಟ್ಟಳು. ಅವುಗಳ ತೂಕ ಎಷ್ಟಿರುತ್ತದೆ ಹುಚ್ಚಿ ಎಂದು ನಾನು ನಕ್ಕೆ, ಅವಳೂ ನಕ್ಕಳು. ತಕ್ಕಡಿಯ ಮೇಲೆ ನಿಂತು ಕಣ್ಣು ಮುಚ್ಚಿಕೊಂಡಳು. ಮುಳ್ಳು ಅತ್ತಿತ್ತ ಓಡಾಡಿ ನಿಲ್ಲುವ ತನಕ ನನ್ನ ರಟ್ಟೆ ಬಿಡಲಿಲ್ಲ.

ಎಷ್ಟು ಬಂತೆಂದು ನಾನು ನೋಡಲಿಲ್ಲ ಮಧೂ. ಅವಳ ಮುಖ ನೋಡುತ್ತಿದ್ದೆ.

ಗುರುಬಾಯಿ